ಪಿಎಚ್‌.ಡಿ ಆಯ್ತು, ಆಮೇಲೆ? ಪೋಸ್ಟ್‌ಡಾಕ್ ಫೆಲೋಶಿಪ್‌ಗಳ ಒಳಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಕೇಳೋಕೆ ಸಮಯ ಇಲ್ಲದವರು ಓದಿಕೊಳ್ಳಬಹುದು.)



ಹೋದ ತಿಂಗಳು ಟಿ. ನರಸೀಪುರದಿಂದ ಒಂದು ವಾಯ್ಸ್ ಮೆಸೇಜ್ ಬಂತು. ಕಳಿಸಿದವರು ಒಬ್ಬರು ಹೆಣ್ಣುಮಗಳು. ವಯಸ್ಸು 33. ಸಸ್ಯಶಾಸ್ತ್ರದಲ್ಲಿ ಪಿಎಚ್‌.ಡಿ ಆಗಿದೆ. ಮೈಸೂರಿನ ಒಂದು ಸಂಶೋಧನಾ ಪ್ರಾಜೆಕ್ಟ್‌ನಲ್ಲಿ ರಿಸರ್ಚ್ ಅಸೋಸಿಯೇಟ್ ಆಗಿ ಕೆಲಸ. ಆ ಪ್ರಾಜೆಕ್ಟ್ ಮಾರ್ಚ್ ತಿಂಗಳಿಗೆ ಮುಗಿಯುತ್ತೆ. ಅವರು ಹೇಳಿದ್ದು ಇಷ್ಟೇ: "ಸಾರ್, ನಮ್ಮಪ್ಪ ದಿನಾ ಒಂದೇ ಮಾತು ಕೇಳ್ತಾರೆ, 'ಆಮೇಲೆ?' ಅಂತ. ನನ್ನ ಹತ್ರ ಉತ್ತರ ಇಲ್ಲ. ಪೋಸ್ಟ್‌ಡಾಕ್ ಮಾಡೋರಿಗೆ ಸ್ವಲ್ಪ ಭದ್ರವಾದ ಸ್ಕೀಮ್‌ಗಳಿವೆ ಅಂತಾರಲ್ಲ, ಅದರ ಬಗ್ಗೆ ಒಂದು ಎಪಿಸೋಡ್ ಮಾಡಿ."

ಸರಿ, ಮಾಡೋಣ ಅಂತ ಅವರ ಮನೆಗೇ ಹೋದೆ. ಹೆಸರು ಹೇಳಬೇಡಿ ಅಂದಿದ್ದಾರೆ, ಹೇಳಲ್ಲ. ಅವರಪ್ಪ ರೇಷ್ಮೆ ಬೆಳೆಗಾರರು. ಜಗುಲಿ ಮೇಲೆ ಕೂತು ಕಾಫಿ ಕುಡೀತಾ ಅವರು ಹೇಳಿದ ಮಾತು ಇದು: "ಸಾರ್, ನಮ್ಮ ಹುಳಕ್ಕೂ ಒಂದು ಲೆಕ್ಕ ಐತೆ. ನಾಕು ಜ್ವರ ಎದ್ರೆ, ಹಣ್ಣಾಗ್ತದೆ, ಚಂದ್ರಿಕೆಗೆ ಬಿಟ್ರೆ ಗೂಡು ಕಟ್ತದೆ. ಇವಳದು ಡಿಗ್ರಿ ಆಯ್ತು, ಎಂಎಸ್ಸಿ ಆಯ್ತು, ಪಿಎಚ್ಡಿ ಆಯ್ತು, ಈಗ ಅದೇನೋ ಪೋಸ್ಟು ಅಂತಾಳೆ. ಗೂಡು ಯಾವಾಗ ಸಾರ್?"

ರೇಷ್ಮೆ ಗೊತ್ತಿಲ್ಲದವರಿಗೆ: ಹುಳ ಪೊರೆ ಬಿಡೋದನ್ನ ನಮ್ಮ ಕಡೆ ಜ್ವರ ಅಂತಾರೆ. ಅದು ನಾಲ್ಕು ಸಲ. ಆಮೇಲೆ ಗೂಡು ಗ್ಯಾರಂಟಿ. ಸಂಶೋಧಕರಿಗೆ ಆ ಗ್ಯಾರಂಟಿ ಯಾಕಿಲ್ಲ, ಯಾವ ಸ್ಕೀಮ್ ಎಷ್ಟರ ಮಟ್ಟಿಗೆ ಅದನ್ನ ಕೊಡುತ್ತೆ ಅನ್ನೋದೇ ಇವತ್ತಿನ ವಿಷಯ.

ಪೋಸ್ಟ್‌ಡಾಕ್ ಅಂದ್ರೆ ಏನು?

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿಸೋಣ. ಪೋಸ್ಟ್‌ಡಾಕ್ ಅನ್ನೋದು ಇನ್ನೊಂದು ಡಿಗ್ರಿ ಅಲ್ಲ. ಅದಕ್ಕೆ ಪರೀಕ್ಷೆ ಇಲ್ಲ, ಘಟಿಕೋತ್ಸವ ಇಲ್ಲ. ಅದು ಕೆಲಸ. ಪಿಎಚ್‌.ಡಿ ಮುಗಿದ ಮೇಲೆ, ಕಾಯಂ ಹುದ್ದೆ ಸಿಗೋ ಮುಂಚೆ, ಒಂದು ಪ್ರಯೋಗಾಲಯದಲ್ಲೋ ವಿಭಾಗದಲ್ಲೋ ಪೂರ್ಣಾವಧಿ ಸಂಶೋಧನೆ ಮಾಡೋ ತಾತ್ಕಾಲಿಕ ಕೆಲಸ. ಹಾಗಾಗಿ "ಇನ್ನೂ ಓದ್ತಾನೇ ಇದ್ದೀಯಾ?" ಅಂತ ಮದುವೆ ಮನೆಯಲ್ಲಿ ಯಾರಾದ್ರೂ ಕೇಳಿದ್ರೆ "ಇಲ್ಲ, ದುಡೀತಾ ಇದ್ದೀನಿ" ಅನ್ನೋದೇ ಸರಿಯಾದ ಉತ್ತರ.

ಮೂಲ ಕಲ್ಪನೆ ಒಳ್ಳೆಯದೇ. ಪಿಎಚ್‌.ಡಿಯಲ್ಲಿ ಗೈಡ್ ನೆರಳಿನಲ್ಲಿ ಕಲಿತವರು ಎರಡು ಮೂರು ವರ್ಷ ಬೇರೆ ಕಡೆ ಕೆಲಸ ಮಾಡಿ, ತಮ್ಮದೇ ಪ್ರಶ್ನೆ ಕಟ್ಟಿಕೊಂಡು, ಆಮೇಲೆ ಸ್ವತಂತ್ರವಾಗಿ ನಿಲ್ಲಬೇಕು. ತೊಂದರೆ ಶುರುವಾಗೋದು ಆ ಎರಡು ಮೂರು ವರ್ಷ ಆರು, ಎಂಟು ವರ್ಷ ಆದಾಗ. ಒಂದು ಪ್ರಾಜೆಕ್ಟ್ ಮುಗಿದು ಇನ್ನೊಂದು, ಅದು ಮುಗಿದು ಮತ್ತೊಂದು. ಪ್ರತಿ ಸಲ ಹೊಸ ಆರ್ಡರ್, ಹೊಸ ಊರು, ಹೊಸ ಬಾಡಿಗೆ ಮನೆ.

ದುಡ್ಡು ಯಾರ ಹೆಸರಲ್ಲಿದೆ?

ಸ್ಕೀಮ್‌ಗಳ ಹೆಸರು ಬಾಯಿಪಾಠ ಮಾಡೋ ಮುಂಚೆ ಈ ಒಂದು ಪ್ರಶ್ನೆ ಕಲೀರಿ. ದುಡ್ಡು ಯಾರ ಹೆಸರಲ್ಲಿ ಮಂಜೂರಾಗಿದೆ? ಇದಕ್ಕೆ ಸಿಗೋ ಉತ್ತರದ ಮೇಲೆ ಎಲ್ಲ ಸ್ಕೀಮ್‌ಗಳನ್ನೂ ಮೂರು ಮೆಟ್ಟಿಲಾಗಿ ಜೋಡಿಸಬಹುದು.

ಮೊದಲನೇ ಮೆಟ್ಟಿಲು, ಪ್ರಾಜೆಕ್ಟ್ ದುಡ್ಡು. ಇಲ್ಲಿ ಅನುದಾನ ಬಂದಿರೋದು ಪ್ರೊಫೆಸರ್ ಹೆಸರಿಗೆ. ಅದರೊಳಗೆ ಒಂದು ರಿಸರ್ಚ್ ಅಸೋಸಿಯೇಟ್ ಹುದ್ದೆ ಇರುತ್ತೆ. ಕೇಂದ್ರ ಸರ್ಕಾರ 2023ರ ಜನವರಿ 1ರಿಂದ ಜಾರಿಗೆ ತಂದ ದರದ ಪ್ರಕಾರ ಇದರಲ್ಲಿ ಮೂರು ದರ್ಜೆ: ತಿಂಗಳಿಗೆ 58,000, 61,000 ಮತ್ತು 67,000 ರೂಪಾಯಿ. ಅದರ ಮೇಲೆ ಊರಿನ ದರ್ಜೆ ನೋಡಿ ಮನೆ ಬಾಡಿಗೆ ಭತ್ಯೆ. ಮೊತ್ತ ಕೆಟ್ಟದ್ದೇನಲ್ಲ. ಆದರೆ ಪ್ರಾಜೆಕ್ಟ್ ಮುಗಿದ ದಿನ ಹುದ್ದೆಯೂ ಮುಗೀತು. ನಮ್ಮ ನರಸೀಪುರದ ಗೆಳತಿ ಇರೋದು ಈ ಮೆಟ್ಟಿಲ ಮೇಲೆ.

ಎರಡನೇ ಮೆಟ್ಟಿಲು, ನಿಮ್ಮ ಹೆಸರಿಗೇ ಬರೋ ಎರಡು–ಮೂರು ವರ್ಷದ ಫೆಲೋಶಿಪ್. ವಿಜ್ಞಾನ, ಎಂಜಿನಿಯರಿಂಗ್‌ನವರಿಗೆ ಹೆಚ್ಚು ಪರಿಚಯ ಇರೋದು ನ್ಯಾಷನಲ್ ಪೋಸ್ಟ್ ಡಾಕ್ಟೋರಲ್ ಫೆಲೋಶಿಪ್, ಅಂದ್ರೆ ಎನ್‌ಪಿಡಿಎಫ್. ಇದನ್ನ ಎಸ್‌ಇಆರ್‌ಬಿ ಅನ್ನೋ ಸಂಸ್ಥೆ ನಡೆಸ್ತಿತ್ತು. ಈಗ ಆ ಸಂಸ್ಥೆ 2023ರ ಕಾಯ್ದೆಯಿಂದ ಹುಟ್ಟಿದ ಅನುಸಂಧಾನ್ ನ್ಯಾಷನಲ್ ರಿಸರ್ಚ್ ಫೌಂಡೇಶನ್ ಒಳಗೆ ಸೇರಿಹೋಗಿದೆ. ಎಎನ್‌ಆರ್‌ಎಫ್ ಅಂತ ಕರೀತಾರೆ. ಎನ್‌ಪಿಡಿಎಫ್ ಅವಧಿ ಎರಡು ವರ್ಷ. ಎಸ್‌ಇಆರ್‌ಬಿ ಕಾಲದಲ್ಲಿ ತಿಂಗಳಿಗೆ 55,000 ರೂಪಾಯಿ, ಮನೆ ಬಾಡಿಗೆ ಭತ್ಯೆ, ಜೊತೆಗೆ ಸಂಶೋಧನೆ ಖರ್ಚಿಗೆ ವರ್ಷಕ್ಕೆ 2 ಲಕ್ಷ ಕೊಡ್ತಿದ್ರು. ವಯಸ್ಸಿನ ಮಿತಿ 35. ಮಹಿಳೆಯರು, ಎಸ್‌ಸಿ, ಎಸ್‌ಟಿ, ಒಬಿಸಿ ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ ಐದು ವರ್ಷ ಸಡಿಲಿಕೆ. ಒಬ್ಬರಿಗೆ ಜೀವನದಲ್ಲಿ ಒಂದೇ ಸಲ.

ಜೀವಶಾಸ್ತ್ರ, ಬಯೊಟೆಕ್ನಾಲಜಿ ಕಡೆಯವರಿಗೆ ಡಿಬಿಟಿ ರಿಸರ್ಚ್ ಅಸೋಸಿಯೇಟ್‌ಶಿಪ್ ಇದೆ. ಅದನ್ನ ನಡೆಸೋದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದಲೇ. ಸಿಎಸ್‌ಐಆರ್ ಕೂಡ ತನ್ನ ಹೆಸರಲ್ಲಿ ರಿಸರ್ಚ್ ಅಸೋಸಿಯೇಟ್‌ಶಿಪ್ ಕೊಡುತ್ತೆ.

ಕನ್ನಡ, ಇತಿಹಾಸ, ಸಮಾಜಶಾಸ್ತ್ರದವರು "ನಮಗೇನಿದೆ?" ಅಂತ ಕೇಳಬಹುದು. ಯುಜಿಸಿ 2022ರ ಸೆಪ್ಟೆಂಬರ್ 5ರಂದು ಡಾ. ರಾಧಾಕೃಷ್ಣನ್ ಹೆಸರಲ್ಲಿ ಒಂದು ಪೋಸ್ಟ್ ಡಾಕ್ಟೋರಲ್ ಫೆಲೋಶಿಪ್ ಶುರು ಮಾಡ್ತು. ಭಾಷೆ, ಮಾನವಿಕ, ಸಮಾಜ ವಿಜ್ಞಾನ ಸೇರಿ ಎಲ್ಲ ವಿಷಯದವರಿಗೂ ಇದು ತೆರೆದಿದೆ. 900 ಸ್ಥಾನ, ಅದರಲ್ಲಿ ಶೇ 30 ಮಹಿಳೆಯರಿಗೆ. ತಿಂಗಳಿಗೆ 50,000 ರೂಪಾಯಿ, ವರ್ಷಕ್ಕೆ 50,000 ಇತರೆ ಖರ್ಚಿಗೆ. ಮೂರು ವರ್ಷ. ಐಸಿಎಸ್‌ಎಸ್‌ಆರ್‌ನದೂ ಒಂದು ಫೆಲೋಶಿಪ್ ಇದೆ, ಸಮಾಜ ವಿಜ್ಞಾನದವರಿಗೆ. ತಲಕಾಡಿನ ಶಾಸನಗಳ ಮೇಲೋ ಸೋಮನಾಥಪುರದ ಶಿಲ್ಪದ ಮೇಲೋ ಪಿಎಚ್‌.ಡಿ ಮಾಡಿದವರು ಇವೆರಡನ್ನ ಗುರುತು ಹಾಕಿಕೊಳ್ಳಿ.

ಐದು ವರ್ಷದ ಮೆಟ್ಟಿಲು

ಮೂರನೇ ಮೆಟ್ಟಿಲೇ ನಿಜವಾಗಿ "ಭದ್ರ" ಅನ್ನಿಸಿಕೊಳ್ಳೋದು. ಇಲ್ಲಿ ಅವಧಿ ಐದು ವರ್ಷ. ನೀವು ಯಾರದೋ ಪ್ರಾಜೆಕ್ಟ್‌ನ ಕೈಯಾಳಲ್ಲ, ನಿಮ್ಮದೇ ಪ್ರಾಜೆಕ್ಟ್‌ನ ಯಜಮಾನ.

ಇದರಲ್ಲಿ ಎಲ್ಲರ ಬಾಯಲ್ಲೂ ಇರೋದು ಇನ್‌ಸ್ಪೈರ್ ಫ್ಯಾಕಲ್ಟಿ ಫೆಲೋಶಿಪ್. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯದು. ಇನ್‌ಸ್ಪೈರ್ ಯೋಜನೆ ಶುರುವಾಗಿದ್ದು 2008ರಲ್ಲಿ. ತಿಂಗಳಿಗೆ 1,25,000 ರೂಪಾಯಿ, ಅದರ ಜೊತೆಗೆ ವರ್ಷಕ್ಕೆ 7 ಲಕ್ಷ ಸಂಶೋಧನಾ ಅನುದಾನ. ಲೆಕ್ಕ ಹಾಕಿ: ವರ್ಷಕ್ಕೆ 15 ಲಕ್ಷ ಫೆಲೋಶಿಪ್, 7 ಲಕ್ಷ ಅನುದಾನ, ಐದು ವರ್ಷಕ್ಕೆ ಒಟ್ಟು 1 ಕೋಟಿ 10 ಲಕ್ಷ. ಅರ್ಜಿ ಹಾಕೋಕೆ ವಯಸ್ಸು 27ರಿಂದ 32. ಮಹಿಳೆಯರಿಗೆ, ಎಸ್‌ಸಿ, ಎಸ್‌ಟಿ ಅಭ್ಯರ್ಥಿಗಳಿಗೆ 35.

ವಿದೇಶದಲ್ಲಿ ಕೆಲಸ ಮಾಡ್ತಿರೋ ಭಾರತೀಯರು ವಾಪಸ್ ಬರೋಕೆ ಎರಡು ದಾರಿ. ಒಂದು ರಾಮಾನುಜನ್ ಫೆಲೋಶಿಪ್, ತಿಂಗಳಿಗೆ 1,35,000 ರೂಪಾಯಿ, ಐದು ವರ್ಷ. ಇನ್ನೊಂದು ಬಯೊಟೆಕ್ನಾಲಜಿ ಇಲಾಖೆಯ ರಾಮಲಿಂಗಸ್ವಾಮಿ ರೀ-ಎಂಟ್ರಿ ಫೆಲೋಶಿಪ್, ಅದೂ ಐದು ವರ್ಷದ್ದು.

ಆರೋಗ್ಯ ಮತ್ತು ಜೀವವಿಜ್ಞಾನದವರಿಗೆ ಇಂಡಿಯಾ ಅಲಯನ್ಸ್ ಇದೆ. 2008ರಲ್ಲಿ ಬಯೊಟೆಕ್ನಾಲಜಿ ಇಲಾಖೆ ಮತ್ತು ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ ಸೇರಿ ಕಟ್ಟಿದ್ದು. ಇದರ ಅರ್ಲಿ ಕೆರಿಯರ್ ಫೆಲೋಶಿಪ್‌ನ ವಿಶೇಷ ಏನಂದ್ರೆ, ಹುಟ್ಟಿದ ತಾರೀಖು ನೋಡಲ್ಲ, ಸಂಶೋಧನೆಯಲ್ಲಿ ಎಷ್ಟು ವರ್ಷ ಕಳೆದಿದ್ದೀರಿ ಅಂತ ನೋಡುತ್ತೆ. 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ಇದರ ಮೂರನೇ ಹಂತಕ್ಕೆ ಒಪ್ಪಿಗೆ ಕೊಟ್ಟಿದೆ. ಮೊತ್ತ 1,500 ಕೋಟಿ. ಅದರಲ್ಲಿ 1,000 ಕೋಟಿ ಇಲಾಖೆಯದು, 500 ಕೋಟಿ ವೆಲ್‌ಕಮ್‌ನದು.

ಮದುವೆ, ಮಕ್ಕಳು, ಮನೆ ಜವಾಬ್ದಾರಿ ಅಂತ ಮಧ್ಯೆ ನಿಲ್ಲಿಸಿದ ಮಹಿಳೆಯರಿಗೆ ವಿಜ್ಞಾನ ಇಲಾಖೆಯ ವೈಸ್–ಕಿರಣ್ ಯೋಜನೆಯಲ್ಲಿ ವೈಸ್ ಪೋಸ್ಟ್ ಡಾಕ್ಟೋರಲ್ ಫೆಲೋಶಿಪ್ ಇದೆ, ಬಯೊಟೆಕ್ನಾಲಜಿ ಇಲಾಖೆಯ ಬಯೊಕೇರ್ ಇದೆ. ಇವು ಐದು ವರ್ಷದವಲ್ಲ. ಆದರೆ ಮುಚ್ಚಿದ ಬಾಗಿಲು ತೆಗೆಯೋ ಕೀಲಿ.

ರಸಬಾಳೆ ಯಾಕೆ ಐದು ವರ್ಷ ಕೇಳುತ್ತೆ?

"ಐದು ವರ್ಷ ಯಾಕೆ, ಎರಡು ವರ್ಷ ಸಾಲದಾ?" ಅಂತ ನೀವು ಕೇಳಬಹುದು. ಇದಕ್ಕೆ ಉತ್ತರ ನಂಜನಗೂಡಿನಲ್ಲೇ ಇದೆ.

ನಂಜನಗೂಡು ರಸಬಾಳೆ ಯಾರಿಗೆ ಗೊತ್ತಿಲ್ಲ? ಭೌಗೋಳಿಕ ಸೂಚಿಕೆ, ಅಂದ್ರೆ ಜಿಐ ಟ್ಯಾಗ್ ಇರೋ ಹಣ್ಣು. ಆದರೆ ಪನಾಮ ಸೊರಗು ರೋಗ ಬಂದು ತೋಟಗಳು ಖಾಲಿಯಾದವು. ರೋಗ ತರೋದು ಫ್ಯುಸೇರಿಯಂ ಅನ್ನೋ ಶಿಲೀಂಧ್ರ. ಅದು ಬೇರಿನಿಂದ ಒಳಹೊಕ್ಕು ನೀರು ಸಾಗೋ ನಾಳ ಮುಚ್ಚಿಬಿಡುತ್ತೆ. ಎಲೆ ಹಳದಿಯಾಗಿ ಬುಡದ ಸುತ್ತ ಜೋತುಬೀಳುತ್ತೆ. ಗಿಡ ಸತ್ತರೂ ಶಿಲೀಂಧ್ರ ಮಣ್ಣಿನಲ್ಲಿ ದಶಕಗಳ ಕಾಲ ಜೀವ ಹಿಡಿದುಕೊಂಡಿರುತ್ತೆ.

ಈಗ ನೀವೇ ಸಂಶೋಧಕರು ಅಂದುಕೊಳ್ಳಿ. ಒಂದು ಉಪಾಯ ಹೊಳೆದಿದೆ, ಹೊಲದಲ್ಲಿ ಪರೀಕ್ಷಿಸಬೇಕು. ಬಾಳೆ ಕಂದು ನೆಟ್ಟು ಗೊನೆ ಕಡಿಯೋಕೇ ಒಂದು ವರ್ಷದ ಮೇಲಾಗುತ್ತೆ. ಆಮೇಲೆ ಕೂಳೆ ಬೆಳೆ ನೋಡಬೇಕು, ಯಾಕಂದ್ರೆ ಮೊದಲ ಬೆಳೆ ತಪ್ಪಿಸಿಕೊಂಡರೂ ಎರಡನೇದರಲ್ಲಿ ರೋಗ ಬರಬಹುದು. ಫೆಲೋಶಿಪ್ ಆರ್ಡರ್ ಕೈಗೆ ಬಂದು, ಜಾಗ ಹುಡುಕಿ, ರೈತರನ್ನ ಒಪ್ಪಿಸಿ, ಸಸಿ ತಂದು ನೆಡೋ ಹೊತ್ತಿಗೆ ಆರೇಳು ತಿಂಗಳು ಹೋಗಿರುತ್ತೆ. ಎರಡು ವರ್ಷದ ಫೆಲೋಶಿಪ್‌ನಲ್ಲಿ ಸಿಗೋದು ಒಂದೇ ಗೊನೆ. ಕೂಳೆ ಬೆಳೆ ಕಣ್ಣಿಗೆ ಕಾಣೋ ಹೊತ್ತಿಗೆ ನೋಡಬೇಕಾದವರು ಬೇರೆ ಊರಲ್ಲಿ ಇಂಟರ್‌ವ್ಯೂಗೆ ಕೂತಿರ್ತಾರೆ.

ನಮ್ಮ ಗೆಳತಿಗೆ ಆಗಿದ್ದೂ ಇದೇ. ಅವರು ಕೆಲಸ ಮಾಡಿದ್ದು ಈ ಸೊರಗು ರೋಗದ ಮೇಲೇ. "ಮೊದಲ ಬೆಳೆ ಡೇಟಾ ನನ್ನ ಲ್ಯಾಪ್‌ಟಾಪಲ್ಲಿದೆ. ಎರಡನೇ ಬೆಳೆ ಹೊಲದಲ್ಲಿದೆ. ಮಾರ್ಚ್ ಆದ್ಮೇಲೆ ಅಳತೆ ತಗೊಳ್ಳೋರು ಯಾರೂ ಇಲ್ಲ," ಅಂದ್ರು. ಬನ್ನೂರು ಕುರಿಯ ತಳಿ ಕೆಲಸ ಮಾಡೋರನ್ನ ಕೇಳಿದ್ರೂ ಇದೇ ಕಥೆ ಸಿಗುತ್ತೆ, ಮರಿಗಳ ಒಂದೆರಡು ತಲೆಮಾರು ನೋಡೋಕೆ ಎರಡು ವರ್ಷ ಎಲ್ಲಿ ಸಾಕಾಗುತ್ತೆ?

ಹಾಗಾಗಿ ಭದ್ರತೆ ಅನ್ನೋದು ಸಂಶೋಧಕರ ಸಂಬಳದ ಪ್ರಶ್ನೆ ಮಾತ್ರ ಅಲ್ಲ. ರಸಬಾಳೆ ಬೆಳೀಬೇಕು ಅನ್ನೋ ರೈತನ ಪ್ರಶ್ನೆ ಕೂಡ.

ಐದು ವರ್ಷ ಮುಗಿದ ಮೇಲೆ?

ಅಪ್ಪನ "ಆಮೇಲೆ?" ಇಲ್ಲೂ ಬರುತ್ತೆ. ಇನ್‌ಸ್ಪೈರ್ ಫ್ಯಾಕಲ್ಟಿ ಹೆಸರಲ್ಲಿ "ಫ್ಯಾಕಲ್ಟಿ" ಇದೆ. ಆದರೆ ಅದು ಒಪ್ಪಂದದ ಹುದ್ದೆ. ಐದು ವರ್ಷದ ನಂತರ ಕಾಯಂ ಮಾಡ್ತೀವಿ ಅಂತ ಸ್ಕೀಮೂ ಹೇಳಲ್ಲ, ಸಂಸ್ಥೆಯೂ ಬರೆದುಕೊಡಬೇಕಾಗಿಲ್ಲ. ಯಾಕೆ?

ಎರಡು ಬೇರೆ ಬೇರೆ ಪೈಪ್ ಕಲ್ಪಿಸಿಕೊಳ್ಳಿ. ಫೆಲೋಶಿಪ್ ದುಡ್ಡು ಕೇಂದ್ರದ ಒಂದು ಯೋಜನೆಯಿಂದ ಬರುತ್ತೆ. ಕಾಯಂ ಹುದ್ದೆ ಹುಟ್ಟೋದು ಬೇರೆ ಕಡೆ. ರಾಜ್ಯದ ವಿಶ್ವವಿದ್ಯಾಲಯ ಆದರೆ ಮಂಜೂರಾದ ಹುದ್ದೆ ಇರಬೇಕು, ಆರ್ಥಿಕ ಇಲಾಖೆ ಒಪ್ಪಬೇಕು, ಮೀಸಲಾತಿ ರೋಸ್ಟರ್ ಬಿಂದು ಹೊಂದಬೇಕು, ಬಹಿರಂಗ ಜಾಹೀರಾತು ಕೊಡಬೇಕು. ಆ ಎರಡು ಪೈಪ್‌ಗಳು ಎಲ್ಲೂ ಕೂಡಲ್ಲ. ಇಲ್ಲಿ ಕಪಿಲೆ ನಂಜನಗೂಡು ದಾಟಿ ನರಸೀಪುರದಲ್ಲಿ ಕಾವೇರಿ ಸೇರ್ತಾಳೆ. ಈ ಪೈಪ್‌ಗಳಿಗೆ ಅಂಥ ಸಂಗಮ ಇಲ್ಲ.

ಇದರ ಹಿಂದೆ ಒಂದು ಕಾನೂನೂ ಇದೆ, ಅದು ನಮ್ಮ ರಾಜ್ಯದ ಪ್ರಕರಣದಿಂದಲೇ ಬಂದಿದ್ದು. ಕರ್ನಾಟಕ ಸರ್ಕಾರ ಮತ್ತು ಉಮಾದೇವಿ ನಡುವಿನ ಪ್ರಕರಣ. ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರು ಕಾಯಂ ಮಾಡಿ ಅಂತ ಕೋರ್ಟಿಗೆ ಹೋಗಿದ್ದರು. 2006ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ, ನಿಯಮದ ಪ್ರಕಾರ ನೇಮಕ ಆಗದೆ ತಾತ್ಕಾಲಿಕವಾಗಿ ಸೇರಿದವರು ಕಾಯಂ ಆಗೋದು ಹಕ್ಕಲ್ಲ ಅಂತ ಹೇಳ್ತು. ಎಲ್ಲರಿಗೂ ಸಮಾನ ಅವಕಾಶ ಇರಬೇಕು, ಹಿಂಬಾಗಿಲ ನೇಮಕ ಆಗಬಾರದು ಅನ್ನೋದು ಅದರ ತರ್ಕ. ತರ್ಕ ನ್ಯಾಯವಾದದ್ದೇ. ಆದರೆ ರಾಷ್ಟ್ರಮಟ್ಟದ ಪೈಪೋಟಿಯಲ್ಲಿ ಗೆದ್ದು ಐದು ವರ್ಷ ದುಡಿದ ಸಂಶೋಧಕರೂ ಕೊನೆಗೆ ಹೊಸ ಜಾಹೀರಾತಿಗೆ ಕಾಯುತ್ತಾ ಕೂರಬೇಕಾಗುತ್ತೆ.

ಈ ಸಮಸ್ಯೆ ಹೊಸದೂ ಅಲ್ಲ. 1958ರಲ್ಲೇ ಸಿಎಸ್‌ಐಆರ್ "ಸೈಂಟಿಸ್ಟ್ಸ್ ಪೂಲ್" ಅಂತ ಒಂದು ವ್ಯವಸ್ಥೆ ಶುರು ಮಾಡಿತ್ತು. ವಿದೇಶದಿಂದ ಬಂದ ವಿಜ್ಞಾನಿಗಳಿಗೆ ಕಾಯಂ ಕೆಲಸ ಸಿಗೋ ತನಕ ತಾತ್ಕಾಲಿಕ ನೆಲೆ. ಅಂದ್ರೆ "ಸಿಗೋ ತನಕ" ಅನ್ನೋ ಮಾತಿಗೆ ನಮ್ಮಲ್ಲಿ 60 ವರ್ಷ ದಾಟಿದೆ.

ಬೇರೆ ದೇಶದವರು ಏನು ಮಾಡಿದ್ರು?

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 2006ರಲ್ಲಿ ಕೆ99/ಆರ್00 ಅನ್ನೋ ಅನುದಾನ ಘೋಷಿಸ್ತು. ಹೆಸರು ಬಸ್ ನಂಬರ್ ಥರ ಇದೆ, ಉಪಾಯ ಚೆನ್ನಾಗಿದೆ. ಮೊದಲ ಎರಡು ವರ್ಷದ ತನಕ ಹಿರಿಯರ ಪ್ರಯೋಗಾಲಯದಲ್ಲಿ ಪೋಸ್ಟ್‌ಡಾಕ್ ಆಗಿರಿ. ಅಷ್ಟರಲ್ಲಿ ಎಲ್ಲಾದರೂ ಅಧ್ಯಾಪಕ ಹುದ್ದೆ ಸಿಕ್ಕರೆ ಉಳಿದ ಮೂರು ವರ್ಷದ ದುಡ್ಡು ನಿಮ್ಮ ಜೊತೆ ಅಲ್ಲಿಗೆ ಬರುತ್ತೆ. ಕೈಯಲ್ಲಿ ದುಡ್ಡಿರೋ ಅಭ್ಯರ್ಥಿಯನ್ನ ವಿಶ್ವವಿದ್ಯಾಲಯಗಳು ಬೇಗ ಕರೀತವೆ.

ಜರ್ಮನಿಯಲ್ಲಿ ಪಿಎಚ್‌.ಡಿಗೆ ಮುಂಚೆ ಆರು ವರ್ಷ, ಆಮೇಲೆ ಆರು ವರ್ಷ ಮಾತ್ರ ತಾತ್ಕಾಲಿಕ ಒಪ್ಪಂದ ಅನ್ನೋ ಕಾನೂನಿದೆ. ಉದ್ದೇಶ ಕಾಯಂ ಮಾಡಲಿ ಅಂತ. ಆಗಿದ್ದು ಮಾತ್ರ, ಆರು ವರ್ಷ ಮುಗಿದವರು ಹೊರಗೆ. 2021ರಲ್ಲಿ ಅಲ್ಲಿನ ಸಂಶೋಧಕರು "ನಾನೇ ಹನ್ನಾ" ಅನ್ನೋ ಹ್ಯಾಷ್‌ಟ್ಯಾಗ್‌ನಡಿ ಸಾವಿರಾರು ಜನ ತಮ್ಮ ಕಥೆ ಬರೆದರು. ಹನ್ನಾ ಅನ್ನೋದು ಆ ಕಾನೂನನ್ನ ಹೊಗಳೋಕೆ ಸರ್ಕಾರದವರು ಮಾಡಿದ್ದ ವಿಡಿಯೊದ ಪಾತ್ರ. ಅದೇ ಜರ್ಮನಿ ಒಂದು ಸಾವಿರ ಟೆನ್ಯೂರ್ ಟ್ರ್ಯಾಕ್ ಪ್ರಾಧ್ಯಾಪಕ ಹುದ್ದೆಗಳಿಗೆ ಒಂದು ಬಿಲಿಯನ್ ಯೂರೋ ಇಟ್ಟಿದೆ. ಟೆನ್ಯೂರ್ ಟ್ರ್ಯಾಕ್ ಅಂದ್ರೆ ಮೊದಲೇ ಮಾತು: ಇಷ್ಟು ವರ್ಷ, ಇಂಥ ಮಾನದಂಡ, ಪಾಸಾದರೆ ಅದೇ ಹುದ್ದೆ ಕಾಯಂ. ನಮ್ಮ ಐದು ವರ್ಷದ ಫೆಲೋಶಿಪ್‌ಗಳಲ್ಲಿ ಇಲ್ಲದೇ ಇರೋದು ಈ ಕೊನೇ ವಾಕ್ಯ.

ವಯಸ್ಸಿನ ಗೇಟು

ಇನ್ನೊಂದು ತೊಡಕು ಯಾವ ಕೈಪಿಡಿಯಲ್ಲೂ ಬರೆದಿರಲ್ಲ. ನಮ್ಮ ತಾಲ್ಲೂಕಿನ ಒಬ್ಬ ಹುಡುಗನ ಲೆಕ್ಕ ಹಾಕಿ. 21ಕ್ಕೆ ಡಿಗ್ರಿ. 23ಕ್ಕೆ ಎಂಎಸ್ಸಿ. ಮನೆಗೆ ದುಡ್ಡು ಬೇಕು, ಹಾಗಾಗಿ ಎರಡು ಮೂರು ವರ್ಷ ಅತಿಥಿ ಉಪನ್ಯಾಸಕ. ಜೊತೆಜೊತೆಗೆ ನೆಟ್, ಕೆ–ಸೆಟ್ ತಯಾರಿ. 26ಕ್ಕೆ ಪಿಎಚ್‌.ಡಿ ಸೇರಿದ್ರೆ ವೈವಾ ಮುಗಿಯೋ ಹೊತ್ತಿಗೆ 32. ಇನ್‌ಸ್ಪೈರ್ ಫ್ಯಾಕಲ್ಟಿ ಗೇಟು ಸಾಮಾನ್ಯ ವರ್ಗದ ಗಂಡುಮಕ್ಕಳಿಗೆ ಮುಚ್ಚೋದೂ 32ಕ್ಕೆ! ಒಂದು ಕೈಯಲ್ಲಿ ಪಿಎಚ್‌.ಡಿ ಸರ್ಟಿಫಿಕೇಟ್, ಇನ್ನೊಂದು ಕೈಯಲ್ಲಿ ವಯಸ್ಸು ಮೀರಿದ ಅರ್ಜಿ. ಬಿಡುವಿಲ್ಲದೆ ಓದಿದವರಿಗೆ ಹೊಂದೋ ಹಾಗೆ ಈ ಗೇಟು ಕಟ್ಟಿದ್ದಾರೆ. ಮಧ್ಯೆ ದುಡಿದವರು ಹೊರಗೆ ಉಳೀತಾರೆ.

ನಂಜನಗೂಡಿನಲ್ಲಿ ನಾನು ಮಾತಾಡಿಸಿದ ಗೆಳೆಯನದ್ದು ಸರಿಸುಮಾರು ಇದೇ ಕಥೆ. ವಯಸ್ಸು 36. ರಸಾಯನಶಾಸ್ತ್ರದಲ್ಲಿ ಪಿಎಚ್‌.ಡಿ. ಒಂದು ಸಲ ಪೋಸ್ಟ್‌ಡಾಕ್ ಮಾಡಿದ. ಮಧ್ಯೆ ಐದು ತಿಂಗಳು ಫೆಲೋಶಿಪ್ ದುಡ್ಡು ಬರಲಿಲ್ಲ. ಹೆಂಡತಿಯ ಬಳೆ ಅಡವಿಟ್ಟು ಮಗುವಿನ ಸ್ಕೂಲ್ ಫೀಸ್ ಕಟ್ಟಿದ. ಬಾಕಿ ಎಲ್ಲ ಒಟ್ಟಿಗೆ ಬಂದ ದಿನ ಬಳೆ ಬಿಡಿಸಿಕೊಂಡ, ರಾಜೀನಾಮೆನೂ ಕೊಟ್ಟ. ಈಗ ಅತಿಥಿ ಉಪನ್ಯಾಸಕ. "ಇಲ್ಲಿ ದುಡ್ಡು ಕಮ್ಮಿ ಗುರು, ಆದರೆ ಮನೆ ಇಲ್ಲೇ ಇದೆ," ಅಂದ. ಹಾಗಂತ ಅಲ್ಲೂ ಭದ್ರತೆ ಇಲ್ಲ. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರಿದ್ದಾರೆ. 2023ರ ಕೊನೆಯಲ್ಲಿ ಸೇವೆ ಕಾಯಂ ಮಾಡಿ ಅಂತ ಅವರು ತರಗತಿ ಬಿಟ್ಟು ಬೀದಿಗಿಳಿದಿದ್ದು ನೆನಪಿರಬಹುದು.

ಎರಡು ಕೆಲಸ, ಎರಡು ಥರದ ಅಂಕ

ಇಲ್ಲಿ ಕಿವಿಗೊಟ್ಟು ಕೇಳಿ, ಯಾಕಂದ್ರೆ ಬಹಳ ಜನ ಎಡವೋದು ಇಲ್ಲೇ. "ಪೋಸ್ಟ್‌ಡಾಕ್ ಮಾಡಿದ್ರೆ ಕಾಯಂ ಕೆಲಸಕ್ಕೆ ಉಪಯೋಗ ಆಗುತ್ತಾ?" ಅನ್ನೋ ಪ್ರಶ್ನೆಗೆ ಉತ್ತರ: ಯಾವ ಕಾಯಂ ಕೆಲಸ ಅನ್ನೋದರ ಮೇಲೆ.

ಯುಜಿಸಿಯ 2018ರ ನಿಯಮಾವಳಿ ಪ್ರಕಾರ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಶಾರ್ಟ್‌ಲಿಸ್ಟ್ ಮಾಡುವಾಗ ಬೋಧನೆ ಅಥವಾ ಪೋಸ್ಟ್‌ಡಾಕ್ ಅನುಭವಕ್ಕೆ ವರ್ಷಕ್ಕೆ 2 ಅಂಕ, ಗರಿಷ್ಠ 10. ಅಂದ್ರೆ ಐದು ವರ್ಷ ಆದ ಮೇಲೆ ಆರನೇ ವರ್ಷದ ಅನುಭವಕ್ಕೆ ಸೊನ್ನೆ. ಈ ಅಂಕ ಇಂಟರ್‌ವ್ಯೂಗೆ ಕರೆಯೋಕೆ ಮಾತ್ರ. ಆಯ್ಕೆ ಇಂಟರ್‌ವ್ಯೂನಲ್ಲಿ.

ಆದರೆ ನಮ್ಮ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ದಾರಿ ಬೇರೆ. 2021ರಲ್ಲಿ 1,242 ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅಧಿಸೂಚನೆ ಬಂದಾಗ ಕೆಇಎ ಸ್ಪರ್ಧಾತ್ಮಕ ಪರೀಕ್ಷೆ ನಡೆಸ್ತು. ಅಲ್ಲಿ ಮುಖ್ಯ ಆಗೋದು ಪರೀಕ್ಷೆಯ ಅಂಕ. ನಿಮ್ಮ ಸಂಶೋಧನಾ ಲೇಖನ ಎಷ್ಟೇ ದೊಡ್ಡ ಜರ್ನಲ್‌ನಲ್ಲಿ ಬಂದಿರಲಿ, ಪರೀಕ್ಷಾ ಹಾಲ್‌ನಲ್ಲಿ ಅದು ನೆರವಿಗೆ ಬರಲ್ಲ. ಇನ್ನೊಂದು, 2023ರ ಜುಲೈ 1ರಿಂದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ನೆಟ್, ಸೆಟ್ ಅಥವಾ ಸ್ಲೆಟ್ ಕನಿಷ್ಠ ಅರ್ಹತೆ, ಪಿಎಚ್‌.ಡಿ ಐಚ್ಛಿಕ ಅಂತ ಯುಜಿಸಿ ಹೇಳಿದೆ. ಹಾಗಾಗಿ ಪಿಎಚ್‌.ಡಿ ಇದ್ದೂ ಕೆ–ಸೆಟ್ ಕಟ್ಟದವರು ಇವತ್ತೇ ಆ ಬಗ್ಗೆ ಯೋಚಿಸಿ.

ಕಾಯಂ ಸಹಾಯಕ ಪ್ರಾಧ್ಯಾಪಕರ ಆರಂಭಿಕ ಮೂಲವೇತನ ಯುಜಿಸಿ ಶ್ರೇಣಿಯಲ್ಲಿ 57,700 ರೂಪಾಯಿ. ಮೊದಲ ದರ್ಜೆಯ ರಿಸರ್ಚ್ ಅಸೋಸಿಯೇಟ್‌ಗೆ 58,000. ಕಾಗದದ ಮೇಲೆ ಸಮ ಅನ್ನಿಸುತ್ತೆ ಅಲ್ವಾ? ಆದರೆ ಕಾಯಂ ನೌಕರರಿಗೆ ತುಟ್ಟಿಭತ್ಯೆ, ವಾರ್ಷಿಕ ಬಡ್ತಿ, ಪಿಂಚಣಿ ಖಾತೆ, ಬ್ಯಾಂಕಿನಲ್ಲಿ ಸಾಲ ಎಲ್ಲ ಸಿಗುತ್ತೆ. ಫೆಲೋಗೆ ಸಿಗೋದು ಆ ಮೊತ್ತ ಮತ್ತು ಕೊನೆ ತಾರೀಖು.

ಒಪ್ಪಿಕೊಳ್ಳೋ ಮುಂಚೆ ಕೇಳಿ

ಈ ಎಪಿಸೋಡ್‌ಗಾಗಿ ಮಾತಾಡಿಸಿದ ಹಿರಿಯರ ಮಾತುಗಳನ್ನ ಒಟ್ಟು ಸೇರಿಸಿ ಹೇಳ್ತೀನಿ. ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ.

ಒಂದು, ದುಡ್ಡು ಯಾರ ಹೆಸರಲ್ಲಿದೆ, ಕೊನೆ ತಾರೀಖು ಯಾವುದು? ಮಂಜೂರಾತಿ ಪತ್ರ ನೋಡದೆ ಸೇರಬೇಡಿ.

ಎರಡು, ಮೊದಲ ಕಂತು ಯಾವಾಗ ಬರುತ್ತೆ? ಹಿಂದೆ ಅದೇ ಕಡೆ ಇದ್ದವರನ್ನ ಕೇಳಿ. ಕೈಯಲ್ಲಿ ಕನಿಷ್ಠ ನಾಲ್ಕೈದು ತಿಂಗಳ ಖರ್ಚು ಇರಲಿ.

ಮೂರು, ಪಿಎಚ್‌.ಡಿ ಮೂರನೇ ವರ್ಷದಲ್ಲೇ ಒಂದು ಹಾಳೆಯಲ್ಲಿ ನಿಮ್ಮ ಹುಟ್ಟಿದ ತಾರೀಖು ಬರೆದು ಪಕ್ಕದಲ್ಲಿ ಪ್ರತಿ ಸ್ಕೀಮ್‌ನ ವಯಸ್ಸಿನ ಮಿತಿ ಬರೆಯಿರಿ. ಯಾವ ಗೇಟು ಮೊದಲು ಮುಚ್ಚುತ್ತೋ ಅದಕ್ಕೆ ಮೊದಲು ಅರ್ಜಿ.

ನಾಲ್ಕು, ಪ್ರಾಜೆಕ್ಟ್‌ನಲ್ಲಿದ್ದಾಗಲೂ ನಿಮ್ಮದೇ ಆದ ಒಂದು ಪ್ರಶ್ನೆ ಇಟ್ಟುಕೊಳ್ಳಿ. ಐದು ವರ್ಷದ ಸ್ಕೀಮ್‌ನವರು ಕೇಳೋದು "ನಿಮ್ಮ ಐಡಿಯಾ ಏನು?" ಅಂತ, ನಿಮ್ಮ ಪ್ರೊಫೆಸರ್ ಐಡಿಯಾ ಅಲ್ಲ.

ಐದು, ಹೆಣ್ಣುಮಕ್ಕಳು ಹೆರಿಗೆ ರಜೆ ಬಗ್ಗೆ ನಾಚಿಕೆ ಇಲ್ಲದೆ ಕೇಳಿ. ರಜೆಯಲ್ಲಿ ಫೆಲೋಶಿಪ್ ಬರುತ್ತಾ, ಅವಧಿ ಮುಂದಕ್ಕೆ ಹೋಗುತ್ತಾ ಅನ್ನೋದನ್ನ ಬರಹದಲ್ಲಿ ತಗೊಳ್ಳಿ.

ಆರು, ನಾನು ಹೇಳಿದ ಮೊತ್ತ, ವಯಸ್ಸು ಎಲ್ಲ ಕಾಲಕಾಲಕ್ಕೆ ಬದಲಾಗ್ತವೆ. ಅರ್ಜಿ ಹಾಕೋ ವರ್ಷದ ಪ್ರಕಟಣೆಯನ್ನ ಅಧಿಕೃತ ತಾಣದಲ್ಲೇ ಓದಿ.

ದೂರ ಹೋಗೋಕೆ ಆಗದವರಿಗೆ ಒಂದು ಮಾತು. ಮೈಸೂರು ಸಂಶೋಧನೆಗೆ ಸಣ್ಣ ಊರಲ್ಲ. ಮಾನಸಗಂಗೋತ್ರಿ ಇದೆ, 1950ರಿಂದ ಇರೋ ಸಿಎಫ್‌ಟಿಆರ್‌ಐ ಇದೆ, ವಾಕ್ ಶ್ರವಣ ಸಂಸ್ಥೆ, ಭಾರತೀಯ ಭಾಷಾ ಸಂಸ್ಥಾನ, ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆ ಎಲ್ಲ ಇವೆ. ನಂಜನಗೂಡು, ನರಸೀಪುರದಿಂದ ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಫೆಲೋಶಿಪ್ ನಿಮ್ಮ ಹೆಸರಲ್ಲಿದ್ರೆ ಎಲ್ಲಿ ಕೂತು ಕೆಲಸ ಮಾಡೋದು ಅನ್ನೋದರಲ್ಲಿ ನಿಮ್ಮ ಮಾತಿಗೂ ಬೆಲೆ ಇರುತ್ತೆ.

ಕೊನೆಗೆ

ಎಎನ್‌ಆರ್‌ಎಫ್‌ಗೆ 2023ರಿಂದ 2028ರವರೆಗೆ 50,000 ಕೋಟಿ ಅಂದಾಜು ಹೇಳಿದ್ದಾರೆ. ಅದರಲ್ಲಿ ದೊಡ್ಡ ಪಾಲು ಸರ್ಕಾರೇತರ ಮೂಲಗಳಿಂದ ಬರಬೇಕು. ಆ ದುಡ್ಡಿನಲ್ಲಿ ಇನ್ನಷ್ಟು ಫೆಲೋಶಿಪ್ ಬರಬಹುದು. ನನ್ನ ಅಭಿಪ್ರಾಯ ಕೇಳಿದ್ರೆ, ಸಂಖ್ಯೆಗಿಂತ ಮೊದಲು ಆ ಎರಡು ಪೈಪ್ ಜೋಡಿಸಬೇಕು. ಐದು ವರ್ಷದ ಫೆಲೋಶಿಪ್ ಕೊಡುವಾಗಲೇ ಸಂಸ್ಥೆ ಒಂದು ಮಂಜೂರಾದ ಹುದ್ದೆ ತೋರಿಸಲಿ. ಜಾಹೀರಾತು, ರೋಸ್ಟರ್ ಎಲ್ಲ ಆರಂಭದಲ್ಲೇ ಪಾಲಿಸಲಿ. ಆಗ ಉಮಾದೇವಿ ತೀರ್ಪೂ ಅಡ್ಡ ಬರಲ್ಲ, ಐದನೇ ವರ್ಷದ ಮೌಲ್ಯಮಾಪನಕ್ಕೂ ಅರ್ಥ ಇರುತ್ತೆ.

ನರಸೀಪುರದ ಗೆಳತಿ ಏನು ಮಾಡಿದ್ರು? ಅವರಿಗೆ 33. ಇನ್‌ಸ್ಪೈರ್ ಗೇಟು ಇನ್ನೂ ತೆರೆದಿದೆ, ಎನ್‌ಪಿಡಿಎಫ್‌ಗೂ ಟೈಮ್ ಇದೆ. ಎರಡಕ್ಕೂ ಅರ್ಜಿ ಬರೀತಿದ್ದಾರೆ. ಕೆ–ಸೆಟ್ ಪುಸ್ತಕವೂ ಮೇಜಿನ ಮೇಲಿತ್ತು. ಕೂಳೆ ಬೆಳೆಯ ಅಳತೆಯನ್ನ ಮಾರ್ಚ್ ಆದ ಮೇಲೂ ತಿಂಗಳಿಗೊಮ್ಮೆ ತಾವೇ ಬಸ್ ಚಾರ್ಜ್ ಹಾಕಿಕೊಂಡು ಹೋಗಿ ತಗೊಳ್ತಾರಂತೆ. "ಎರಡು ವರ್ಷ ಸಾಕಿದ್ದೀನಿ ಸಾರ್, ಹಂಗೆ ಬಿಡೋಕಾಗಲ್ಲ," ಅಂದ್ರು.

ನಾನು ಹೊರಡುವಾಗ ಅವರಪ್ಪ ಗೇಟ್ ತನಕ ಬಂದರು. "ಸಾರ್, ಅದೇನೋ ಐದು ವರ್ಷದ್ದು ಅಂದ್ರಲ್ಲ, ಅದು ಸಿಕ್ರೆ ನಂಜನಗೂಡು ಬಾಳೆ ಉಳೀತದಾ?" ಅಂತ ಕೇಳಿದ್ರು. ಮೊದಲ ಸಲ "ಆಮೇಲೆ?" ಅನ್ನಲಿಲ್ಲ. "ಉಳಿಸೋಕೆ ಪ್ರಯತ್ನ ಮಾಡೋರು ಉಳೀತಾರೆ ಯಜಮಾನ್ರೇ," ಅಂದೆ.

ನಿಮ್ಮ ಮನೆಯಲ್ಲೂ ಇಂಥ ಪ್ರಶ್ನೆ ಕೇಳೋರಿದ್ರೆ ಈ ಎಪಿಸೋಡ್ ಅವರಿಗೂ ಕೇಳಿಸಿ.